ಬಂಡಿಗಿಂತ ಕಿರಿದಾದ ರೈಲುದಾರಿ

ಕಂಪ್ಲಿಯಲ್ಲಿ ಕೋಟೆ ಇದೆ, ಹೊಳೆ ಇದೆ, ಗಂಡುಗಲಿ ಕುಮಾರರಾಮನ ಕಥೆ ಇದೆ, ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆಗಳಿವೆ. ರೈಲು ಮಾತ್ರ ಇಲ್ಲ. ಈಚಿನ ವರ್ಷಗಳಲ್ಲಿ ಹೊಳೆಯಾಚೆಯ ಗಂಗಾವತಿಗೂ ರೈಲು ಬಂದಿದೆ. ಆದರೆ ಕಂಪ್ಲಿಯವರು ರೈಲು ಹತ್ತಬೇಕಾದರೆ ನಮ್ಮ ಕಾಲದಲ್ಲಿ ಬುಕ್ಕಸಾಗರ, ಕಮಲಾಪುರಗಳನ್ನು ದಾಟಿ ಹೊಸಪೇಟೆಗೇ ಹೋಗಬೇಕಾಗಿತ್ತು. ಹಾಗಾಗಿ ನಮ್ಮೂರಿನ ಮಕ್ಕಳಿಗೆ ರೈಲೆಂಬುದು ವರ್ಷಕ್ಕೊಮ್ಮೆ ಕಾಣಸಿಗುತ್ತಿದ್ದ ಜಾತ್ರೆಯ ವಸ್ತುವಿನಂತೆ.

ನಾನು ಮೊದಲ ಸಲ ರೈಲು ಹತ್ತಿದ್ದು 1970ರ ದಶಕದ ಆರಂಭದಲ್ಲಿ, ನಮ್ಮ ತಾತನ ಜೊತೆ. ತಾತ ಬಂಡಿ ಮಾಡುತ್ತಿದ್ದರು. ಗಾಲಿ, ಅಚ್ಚು, ನೊಗ ಇವೇ ಅವರ ಲೋಕ. ಕೊಟ್ಟೂರಿನ ತೇರಿಗೆ ಹೋಗುವುದು, ದಾರಿಯಲ್ಲಿ ಹಗರಿಬೊಮ್ಮನಹಳ್ಳಿಯಲ್ಲಿದ್ದ ನಮ್ಮ ಸೋದರತ್ತೆಯ ಮನೆಯಲ್ಲಿ ಒಂದು ರಾತ್ರಿ ತಂಗುವುದು ಎಂದು ಮಾತಾಗಿತ್ತು. ಹೊಸಪೇಟೆ ಸ್ಟೇಷನ್ನಿನಲ್ಲಿ ಗಾಡಿ ಬರುವುದು ತಡವಿತ್ತು. ತಾತ ಸುಮ್ಮನೆ ಕೂರುವವರಲ್ಲ. ಪ್ಲಾಟ್‌ಫಾರ್ಮಿನಿಂದ ಇಳಿದು, ಹಳಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಹಳಿಯಿಂದ ಇನ್ನೊಂದು ಹಳಿಗೆ ಗೇಣು ಹಾಕಿ ಅಳೆಯತೊಡಗಿದರು. ಅಲ್ಲಿದ್ದವರೆಲ್ಲ ನೋಡುತ್ತಿದ್ದರು, ನನಗೆ ನಾಚಿಕೆ.

“ನಾಕು ಗೇಣು, ಮ್ಯಾಲೆ ನಾಕು ಬೆರಳು,” ಎಂದರು ತಾತ ಧೂಳು ಕೊಡವಿಕೊಳ್ಳುತ್ತ. “ನಮ್ಮ ಬಂಡೀದು ಆರು ಗೇಣು ಬರತೈತಿ. ಈ ದಾರಿಗೆ ನನ್ನ ಬಂಡಿನ ಇಳಿಯೂದಿಲ್ಲಲೇ! ಇಷ್ಟು ಸಣ್ಣ ದಾರಿ ಮ್ಯಾಲೆ ಅಷ್ಟು ದೊಡ್ಡ ಇಂಜಿನ್ನು ಹೆಂಗ ನಿಲ್ಲತೈತಿ?”

ಆ ಪ್ರಶ್ನೆಗೆ ಉತ್ತರ ಹೇಳುವವರು ಅಂದು ಅಲ್ಲಿ ಯಾರೂ ಇರಲಿಲ್ಲ. ತಾತನ ಅಳತೆ ಮಾತ್ರ ತಪ್ಪಾಗಿರಲಿಲ್ಲ. ಅವರು ಅಳೆದದ್ದು ಸರಿಯಾಗಿ ಒಂದು ಮೀಟರು.

ಎರಡು ಹಳಿಗಳ ಒಳ ಅಂಚುಗಳ ನಡುವಿನ ಅಂತರವನ್ನೇ ಗೇಜ್ ಎನ್ನುತ್ತಾರೆ. ನಮ್ಮ ದೇಶದ ಬ್ರಾಡ್‌ಗೇಜ್ 1,676 ಮಿಲಿಮೀಟರ್, ಅಂದರೆ ಐದೂವರೆ ಅಡಿ. ಮೀಟರ್‌ಗೇಜ್ 1,000 ಮಿ.ಮೀ. ಅದಕ್ಕೂ ಕಿರಿದಾದ 762 ಮತ್ತು 610 ಮಿ.ಮೀ. ದಾರಿಗಳನ್ನು, ಅಂದರೆ ಎರಡೂವರೆ ಅಡಿ ಮತ್ತು ಎರಡಡಿಯವನ್ನು, ನಾವು ನ್ಯಾರೋಗೇಜ್ ಎಂದು ಕರೆಯುತ್ತೇವೆ. ಆದರೆ ಜಗತ್ತಿನ ಲೆಕ್ಕವೇ ಬೇರೆ. ಇಂಗ್ಲೆಂಡಿನಲ್ಲಿ ಸ್ಟೀಫನ್‌ಸನ್ ಬಳಸಿದ 1,435 ಮಿ.ಮೀ. ಅಂತರವೇ ಬಹುತೇಕ ದೇಶಗಳಿಗೆ ಮಾದರಿಯಾಯಿತು. ಅದಕ್ಕಿಂತ ಕಡಿಮೆ ಇದ್ದದ್ದೆಲ್ಲ ಅವರ ಕಣ್ಣಿಗೆ ಕಿರಿದಾರಿ. ಆ ಲೆಕ್ಕದಲ್ಲಿ ನಾವು ಹತ್ತಿದ ಕೊಟ್ಟೂರಿನ ಗಾಡಿಯೂ ಕಿರಿದಾರಿಯದೇ.

ಕಿರಿದು ಮಾಡಿದ್ದೇಕೆ? ಹಣ ಉಳಿಯಲೆಂದು. ಹಳಿಗಳು ಹತ್ತಿರವಾದರೆ ಏರಿ ಸಣ್ಣದು ಸಾಕು, ಸೇತುವೆ ಹಗುರವಾದದ್ದು ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಗಾಡಿ ಬಿಗಿಯಾದ ತಿರುವುಗಳಲ್ಲಿ ತಿರುಗಬಲ್ಲದು. ಬ್ರಾಡ್‌ಗೇಜ್ ಆದರೆ ಗುಡ್ಡವನ್ನು ಕಡಿಯಬೇಕು, ಇಲ್ಲವೇ ಕೊರೆಯಬೇಕು. ಚಿಕ್ಕ ಗಾಡಿ ಗುಡ್ಡದ ಸೊಂಟ ಬಳಸಿಕೊಂಡು ಹೋಗಿಬಿಡುತ್ತದೆ. ಡಾರ್ಜಿಲಿಂಗಿಗೆ 1881ರಲ್ಲಿ, ಸಿಮ್ಲಾಕ್ಕೆ 1903ರಲ್ಲಿ, ಮಾಥೇರಾನಿಗೆ 1907ರಲ್ಲಿ ರೈಲು ಏರಿದ್ದು ಹೀಗೆಯೇ. ಇವುಗಳ ಚಿತ್ರವನ್ನು ವಿದ್ಯಾರ್ಥಿಗಳು ನೋಡಿಯೇ ಇರುತ್ತಾರೆ. (ಊಟಿಯ ರೈಲನ್ನು ಹಲವರು ಇದೇ ಪಟ್ಟಿಗೆ ಸೇರಿಸುತ್ತಾರೆ. ಅದು ಮೀಟರ್‌ಗೇಜ್, ಹಲ್ಲಿನ ಹಳಿಯನ್ನು ಕಚ್ಚಿಕೊಂಡು ಏರುವ ಗಾಡಿ.)

ಭಾರತಕ್ಕೆ ಮೀಟರ್‌ಗೇಜ್ ಬಂದ ಕಥೆ ತಮಾಷೆಯಾದದ್ದು. ಮೊದಮೊದಲ ರೈಲುಗಳಿಗೆ ಸುರಿದ ಹಣ ನೋಡಿ ಸರ್ಕಾರಕ್ಕೆ ಗಾಬರಿಯಾಗಿತ್ತು. 1870ರ ಸುಮಾರಿಗೆ ವೈಸ್‌ರಾಯ್ ಲಾರ್ಡ್ ಮೇಯೋ ಅಗ್ಗದ ದಾರಿ ಬೇಕೆಂದು ಹಟ ಹಿಡಿದ. ಮೂರು ಅಡಿ ಮೂರು ಅಂಗುಲ ಎಂದು ಮಾತಾಯಿತು. ಅಷ್ಟರಲ್ಲಿ ಭಾರತಕ್ಕೆ ಮೆಟ್ರಿಕ್ ಅಳತೆ ತರುವ ಯೋಚನೆಯೂ ನಡೆದಿತ್ತು. ಹೇಗೂ ಮೀಟರ್ ಬರುತ್ತದಲ್ಲ, ಅದನ್ನೇ ಇಟ್ಟುಬಿಡೋಣ ಎಂದು ಸ್ವಲ್ಪ ಹಿಗ್ಗಿಸಿ ಒಂದು ಮೀಟರ್ ಮಾಡಿದರು. 1873ರಲ್ಲಿ ದೆಹಲಿ–ರೇವಾಡಿ ನಡುವೆ ಮೊದಲ ಮೀಟರ್‌ಗೇಜ್ ಗಾಡಿ ಓಡಿತು. ಆದರೆ ಮೆಟ್ರಿಕ್ ಪದ್ಧತಿ ಆಗ ಜಾರಿಗೇ ಬರಲಿಲ್ಲ! ಅದು ಬಂದದ್ದು ಸ್ವಾತಂತ್ರ್ಯದ ನಂತರ, 1950ರ ದಶಕದ ಕೊನೆಗೆ. ಅಲ್ಲಿಯವರೆಗೆ ನಮ್ಮ ಹಳ್ಳಿಗಳ ಹತ್ತಿರ ಸುಳಿದಾಡಿದ ಮೀಟರು ಎಂದರೆ ಈ ಎರಡು ಹಳಿಗಳ ನಡುವಿನ ಜಾಗವೊಂದೇ ಇರಬೇಕು.

ನಮ್ಮ ಸೀಮೆಗೆ ಈ ದಾರಿ ಬಂದದ್ದು ತಮಾಷೆಯಿಂದಲ್ಲ. 1876ರಿಂದ 78ರವರೆಗೆ ದಕ್ಷಿಣ ಭಾರತವನ್ನು ತಿಂದುಹಾಕಿದ ಬರವನ್ನು ನಮ್ಮ ಹಿರಿಯರು ಧಾತು–ಈಶ್ವರ ಸಂವತ್ಸರಗಳ ಬರ ಎಂದು ನೆನೆಯುತ್ತಿದ್ದರು. ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಒಂದು. ಆಗ ರೈಲು ಇರಲಿಲ್ಲವೇ? ಇತ್ತು. ಮದರಾಸಿನಿಂದ ಬಂದ ಬ್ರಾಡ್‌ಗೇಜ್ ದಾರಿ ಗುಂತಕಲ್ಲಿಗೂ ಬಳ್ಳಾರಿಗೂ ಮುಟ್ಟಿತ್ತು. ದೂರದ ಧಾನ್ಯ ಸ್ಟೇಷನ್ನಿನವರೆಗೆ ಬರಬಹುದಾಗಿತ್ತು. ಅಲ್ಲಿಂದ ಮುಂದೆ ಊರೂರಿಗೆ ಒಯ್ಯಬೇಕಾದದ್ದು ಬಂಡಿ. ಬಂಡಿ ಎಳೆಯಬೇಕಾದ ಎತ್ತುಗಳು ಮೇವು ನೀರಿಲ್ಲದೆ ಸತ್ತಿದ್ದವು. ಬರ ಕಳೆದ ಮೇಲೆ 1880ರಲ್ಲಿ ವರದಿ ಕೊಟ್ಟ ಕ್ಷಾಮ ಆಯೋಗ, ಲಾಭವಿರಲಿ ಇಲ್ಲದಿರಲಿ ಬರದ ಸೀಮೆಯ ಒಳಗೆ ರೈಲು ಹೋಗಲೇಬೇಕು ಎಂದಿತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಹಾಕಿದ ಮೀಟರ್‌ಗೇಜ್ ದಾರಿಗಳು ಈ ಮಾತಿನ ಫಲ. ಹೋಟಗಿ–ಗದಗ ದಾರಿ 1884ರಲ್ಲಿ ತೆರೆಯಿತು. ಅದೇ ದಶಕದಲ್ಲಿ ಹೊಸಪೇಟೆಗೂ ರೈಲು ಬಂತು. 1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಕವಲು ಒಡೆಯಿತು. ಮುಂದಿನ ದಶಕದಲ್ಲಿ ಅದರಿಂದ ಇನ್ನೊಂದು ಕವಲು ಸಂಡೂರಿನ ಅದಿರಿನ ಬೆಟ್ಟಗಳ ಕಡೆಗೆ, ಸ್ವಾಮಿಹಳ್ಳಿಗೆ ಹೋಯಿತು. ಬ್ರಾಡ್‌ಗೇಜ್‌ನ ಖರ್ಚನ್ನು ಯಾರೂ ಹಾಕಲು ಒಪ್ಪದ ಊರುಗಳಿಗೆ ನಾಲ್ಕು ಗೇಣು ನಾಲ್ಕು ಬೆರಳಿನ ದಾರಿ ಮುಟ್ಟಿತು.

ಬಂಡಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಭಾರತದ ಮೊದಲ ನ್ಯಾರೋಗೇಜ್ ಗಾಡಿಯನ್ನು ಎಳೆದದ್ದು ಇಂಜಿನ್ ಅಲ್ಲ, ಎತ್ತುಗಳು. 1862ರಲ್ಲಿ ಬರೋಡಾ ಸಂಸ್ಥಾನದ ಡಭೋಯಿಯಿಂದ ಮಿಯಾಗಾಮ್‌ವರೆಗೆ ಎರಡೂವರೆ ಅಡಿಯ ಹಳಿ ಹಾಕಿ ಎತ್ತು ಹೂಡಿದರು. ಇಂಜಿನ್ ಅಲ್ಲಿ ನಿತ್ಯದ ಕೆಲಸಕ್ಕೆ ನಿಂತದ್ದು 1880ರ ಹೊತ್ತಿಗೆ. ಇದು ನನಗೆ ಗೊತ್ತಾಗುವ ಹೊತ್ತಿಗೆ ತಾತ ಇರಲಿಲ್ಲ. ಇದ್ದಿದ್ದರೆ ನೊಗದ ಅಳತೆ ಎಷ್ಟು ಎಂದು ಖಂಡಿತ ಕೇಳುತ್ತಿದ್ದರು.

ಎತ್ತಿನ ಬದಲು ಕುದುರೆ ಹೂಡಿದವರು ವೇಲ್ಸ್‌ನವರು. ಅಲ್ಲಿಯ ಫೆಸ್ಟಿನಿಯೋಗ್ ರೈಲು 1836ರದು. ಹಳಿಗಳ ಅಂತರ ಎರಡು ಅಡಿಗೂ ಚೂರು ಕಡಿಮೆ. ಬೆಟ್ಟದ ಮೇಲಿನ ಗಣಿಯಿಂದ ಹಾಸುಗಲ್ಲು ತುಂಬಿದ ಡಬ್ಬಿಗಳು ಇಳಿಜಾರಿನಲ್ಲಿ ತಮ್ಮ ಭಾರಕ್ಕೇ ಉರುಳಿಕೊಂಡು ಬಂದರಿಗೆ ಬರುತ್ತಿದ್ದವು, ಬ್ರೇಕು ಹಿಡಿಯಲು ಆಳಿದ್ದರಾಯಿತು. ಕುದುರೆಗಳೂ ಒಂದು ಡಬ್ಬಿಯಲ್ಲಿ ಹುಲ್ಲು ಮೆಲ್ಲುತ್ತ ಕೆಳಗಿಳಿದು ಬಂದು, ಖಾಲಿ ಡಬ್ಬಿಗಳನ್ನು ಮತ್ತೆ ಮೇಲಕ್ಕೆ ಎಳೆಯುತ್ತಿದ್ದವು! 1863ರಲ್ಲಿ ಅಷ್ಟು ಕಿರಿದಾದ ಹಳಿಯ ಮೇಲೆ ಉಗಿಯಿಂಜಿನ್ ಓಡಿಸಿ ತೋರಿಸಿದಾಗ ದೇಶದೇಶಗಳ ಇಂಜಿನಿಯರುಗಳು ನೋಡಲು ಬಂದರು. ಅಷ್ಟು ಸಣ್ಣ ದಾರಿಯ ಮೇಲೆ ಇಂಜಿನ್ ಹೇಗೆ ನಿಲ್ಲುತ್ತದೆ ಎಂದು ತಾತ ಕೇಳಿದ ಪ್ರಶ್ನೆಯೇ ಅವರದೂ. ಭಾರವನ್ನು ತಗ್ಗಿನಲ್ಲಿ ಇಡಬೇಕು, ವೇಗವನ್ನು ಹಿಡಿತದಲ್ಲಿ ಇಡಬೇಕು, ನಿಲ್ಲುತ್ತದೆ. ಈ ರೈಲು 1946ರಲ್ಲಿ ಮುಚ್ಚಿತು. ಸಂಬಳವಿಲ್ಲದೆ ದುಡಿದ ಊರವರೂ ಹವ್ಯಾಸಿಗಳೂ 1955ರಿಂದ ಅದನ್ನು ತುಂಡು ತುಂಡಾಗಿ ತೆರೆಯುತ್ತ ಬಂದು, 1982ರಲ್ಲಿ ಪೂರ್ತಿ ದಾರಿಗೆ ಮತ್ತೆ ಗಾಡಿ ಬಿಟ್ಟರು.

ಭಾರ ಹಂಚುವ ವಿದ್ಯೆಯನ್ನು ಚೆನ್ನಾಗಿ ಅರಿತವನು ಎವರಾರ್ಡ್ ಕ್ಯಾಲ್‌ತ್ರಾಪ್. ಈತನ ಕೆಲಸ ನಮ್ಮ ಜನಕ್ಕೆ ಹತ್ತಿರದ್ದು. 1897ರಲ್ಲಿ ಮಹಾರಾಷ್ಟ್ರದ ಬಾರ್ಶಿಗೆ ಎರಡೂವರೆ ಅಡಿಯ ರೈಲು ಹಾಕಿದ. ಇಂಜಿನ್ ಇರಲಿ ಡಬ್ಬಿ ಇರಲಿ, ಒಂದೊಂದು ಅಚ್ಚಿನ ಮೇಲೆ 5 ಟನ್ನಿಗಿಂತ ಹೆಚ್ಚು ಭಾರ ಬೀಳಕೂಡದು ಎಂಬುದು ಅವನ ಸೂತ್ರ. ಹಾಗೆ ಮಾಡಿದರೆ ಹಗುರ ಹಳಿಯೇ ಸಾಕು. ಈ ದಾರಿ 1906ರಲ್ಲಿ ಪಂಢರಪುರಕ್ಕೆ, 1927ರಲ್ಲಿ ಮೀರಜ್‌ಗೆ ಬಂತು. ಬೆಳಗಾವಿ, ಧಾರವಾಡದ ಕಡೆಯಿಂದ ವಿಠ್ಠಲನ ದರ್ಶನಕ್ಕೆ ಹೊರಟವರು ಮೀರಜ್‌ನಲ್ಲಿ ಇಳಿದು, ಗಂಟು ಹೊತ್ತು, ಈ ಪುಟ್ಟ ಗಾಡಿಗೆ ಬದಲಿಸುತ್ತಿದ್ದರು. ಆಷಾಢದಲ್ಲಿ ಡಬ್ಬಿಯ ಮಾಡಿನ ಮೇಲೂ ಜನ. 2010ರ ಆಸುಪಾಸಿನಲ್ಲಿ ಅದೂ ಬ್ರಾಡ್‌ಗೇಜ್ ಆಯಿತು. ಅಂದಹಾಗೆ, ಈ ಕ್ಯಾಲ್‌ತ್ರಾಪ್ ಮುಂದೆ ವಿಮಾನದಿಂದ ಹಾರುವವರಿಗಾಗಿ ಪ್ಯಾರಾಚೂಟನ್ನೂ ತಯಾರಿಸಿದ. ಭಾರದ ಲೆಕ್ಕ ಮೈಗೂಡಿದವನಿಗೆ ನೆಲವಾದರೇನು, ಗಾಳಿಯಾದರೇನು!

ಕರ್ನಾಟಕದ ಒಳಗೆ ನಿಜವಾದ ನ್ಯಾರೋಗೇಜ್ ನೋಡಿದವರು ಕೋಲಾರ ಸೀಮೆಯವರು. ಮೈಸೂರು ಸಂಸ್ಥಾನದ ಕಾಲದಲ್ಲಿ, 1913ರಲ್ಲಿ ಬೌರಿಂಗ್‌ಪೇಟೆಯಿಂದ (ಇಂದಿನ ಬಂಗಾರಪೇಟೆ) ಕೋಲಾರಕ್ಕೆ ಎರಡೂವರೆ ಅಡಿಯ ರೈಲು ಬಂತು. 1915ರ ಹೊತ್ತಿಗೆ ಯಶವಂತಪುರದಿಂದ ಯಲಹಂಕ, ದೇವನಹಳ್ಳಿಗಳ ಮೇಲೆ ಚಿಕ್ಕಬಳ್ಳಾಪುರಕ್ಕೆ ಇನ್ನೊಂದು. ನಡುವಿನ ತುಂಡನ್ನೂ ಬೇಗನೆ ಜೋಡಿಸಿದರು. ಒಂದು ತುದಿ ಬಂಗಾರಪೇಟೆಯಲ್ಲಿ ಬ್ರಾಡ್‌ಗೇಜ್, ಇನ್ನೊಂದು ತುದಿ ಯಶವಂತಪುರದಲ್ಲಿ ಮೀಟರ್‌ಗೇಜ್, ನಡುವೆ ಇದು. ದೊಡ್ಡವರಿಬ್ಬರ ಕೈ ಹಿಡಿದ ಮಗುವಿನಂತೆ ಕಾಣುತ್ತದೆ ನಿಜ. ಆದರೆ ಸರಕು ಸಾಗಿಸುವ ವ್ಯಾಪಾರಿಗೆ ಅದು ತಲೆನೋವು. ಮೂಟೆಗಳನ್ನೆಲ್ಲ ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಕೂಲಿ, ಕಳವು, ತಡ. ಲಾರಿ ಬಂದಾಗ ಚಿಕ್ಕ ರೈಲುಗಳು ಜಗತ್ತಿನೆಲ್ಲೆಡೆ ಸೋತದ್ದಕ್ಕೆ ಅವುಗಳ ನಿಧಾನಕ್ಕಿಂತ ಇದೇ ದೊಡ್ಡ ಕಾರಣ. ಕೋಲಾರದ ದಾರಿ ಹಂತಹಂತವಾಗಿ ಮುಚ್ಚಿತು. ಬಂಗಾರಪೇಟೆ–ಕೋಲಾರ ನಡುವೆ ಬ್ರಾಡ್‌ಗೇಜ್ ಹಾಕಿದ ಮೇಲೆ ಬಸ್ಸಿಗೇ ರೈಲಿನ ಚಕ್ರ ತೊಡಿಸಿದಂತಿದ್ದ ‘ರೈಲ್ ಬಸ್’ ಓಡಿತು. ಕೋಲಾರ–ಚಿಕ್ಕಬಳ್ಳಾಪುರ ನಡುವೆ ಮತ್ತೆ ಗಾಡಿ ಓಡಿದ್ದು 2013ರಲ್ಲಿ. ದೇವನಹಳ್ಳಿ, ನಂದಿ ಹಾಲ್ಟ್ ಮೊದಲಾದ ಕಡೆ ನೂರು ದಾಟಿದ ಹಳೆಯ ಹೆಂಚಿನ ಸ್ಟೇಷನ್ ಮನೆಗಳು ಉಳಿದಿವೆ. ಬೆಂಗಳೂರಿನ ಪೋಷಕರು ಮಕ್ಕಳನ್ನು ನಂದಿಬೆಟ್ಟಕ್ಕೆ ಕರೆದೊಯ್ಯುವಾಗ ಅರ್ಧ ಗಂಟೆ ಇಲ್ಲಿಯೂ ನಿಲ್ಲಬಹುದು.

ಕಬ್ಬಿನ ಸೀಮೆಯವನಾದ ನನಗೆ ಅಸೂಯೆ ಹುಟ್ಟಿಸಿದ ರೈಲುಗಳು ಬೇರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕಬ್ಬು ಸಾಗಿಸಲೆಂದೇ ಎರಡಡಿಯ ಹಳಿಗಳು ಸುಮಾರು 4,000 ಕಿ.ಮೀ. ಉದ್ದಕ್ಕೆ ಹರಡಿವೆ. ಹೊಲದ ಬದುವಿಗೇ ರೈಲು ಬರುತ್ತದೆ. ನಮ್ಮಲ್ಲಿ ಕಬ್ಬಿನ ಬಂಡಿಯೊಂದು ಕೆಸರಿನಲ್ಲಿ ಹೂತರೆ ಎತ್ತಿನ ಬಾಯಲ್ಲಿ ನೊರೆ ಬರುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಫಿಜಿ ದ್ವೀಪದಲ್ಲೂ ಅಂಥದೇ ಕಬ್ಬಿನ ರೈಲು. ಭಾರತದಿಂದ ಗಿರ್ಮಿಟ್ ಕರಾರಿನ ಮೇಲೆ ಹೋದ ಕೂಲಿಗಳು ದುಡಿದ ತೋಟಗಳವು. ಅಲ್ಲಿ ಸಕ್ಕರೆ ಕಂಪನಿಯ ಹಳಿಯ ಮೇಲೆ ಜನರಿಗಾಗಿ ಒಂದು ಗಾಡಿ ಹಲವು ದಶಕ ಓಡಿತು. ಅದಕ್ಕೆ ಟಿಕೆಟ್ಟೇ ಇರಲಿಲ್ಲ.

ನಮ್ಮ ಕೊಟ್ಟೂರು ಗಾಡಿಗೆ ಟಿಕೆಟ್ ಇತ್ತು, ಆದರೆ ಬಸ್ಸಿಗಿಂತ ಬಹಳ ಅಗ್ಗ. ಹೊಸಪೇಟೆ ಬಿಟ್ಟು ಒಂದು ಕಡೆ ಗುಡ್ಡ, ಒಂದು ಕಡೆ ತುಂಗಭದ್ರೆಯ ಹಿನ್ನೀರು ನೋಡುತ್ತ ಹೋಗುತ್ತಿತ್ತು. ನಾಟಕದವರ ಊರಾದ ಮರಿಯಮ್ಮನಹಳ್ಳಿ ದಾಟಿದರೆ ಜೋಳದ ಹೊಲ, ಶೇಂಗಾ ಹೊಲ. ಸುಮಾರು 70 ಕಿ.ಮೀ. ದಾರಿಗೆ ಅರ್ಧ ದಿನವೇ ಹಿಡಿದಂತೆ ನನಗೆ ನೆನಪು; ಹುಡುಗನಾದ್ದರಿಂದ ಹಾಗೆ ಅನ್ನಿಸಿತೋ ಏನೋ. ಮೊಸರಿನ ಗಡಿಗೆ, ಕುರಿಮರಿ, ಹೊಸ ಸೊಸೆಯ ಟ್ರಂಕು ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಅತ್ತೆಯ ಮನೆಯಲ್ಲಿ ಗಡಿಯಾರ ಇರಲಿಲ್ಲ. ಬೆಳಗಿನ ಗಾಡಿ ಕೂಗಿದರೆ ಒಲೆ ಹೊತ್ತಿಸುವುದು, ಸಂಜೆಯ ಗಾಡಿಗೆ ದೀಪ.

1992ರಲ್ಲಿ ದೇಶದ ಹಳಿಗಳನ್ನೆಲ್ಲ ಬ್ರಾಡ್‌ಗೇಜ್ ಮಾಡುವ ‘ಯುನಿಗೇಜ್’ ಯೋಜನೆ ಶುರುವಾಯಿತು. ಆಗ ರೈಲ್ವೆ ಮಂತ್ರಿಯಾಗಿದ್ದವರು ನಮ್ಮವರೇ, ಸಿ.ಕೆ. ಜಾಫರ್ ಷರೀಫ್. ಬೇಡವೆನ್ನುವುದು ಹೇಗೆ? ರಾಜ್ಯದ ಬಹುಪಾಲು ದಾರಿ ಮೀಟರ್‌ಗೇಜ್ ಆಗಿದ್ದರಿಂದ ದೆಹಲಿ, ಮುಂಬಯಿಯ ನೇರ ಗಾಡಿಗಳು ನಮ್ಮ ಎಷ್ಟೋ ಊರುಗಳಿಗೆ ಬರುವಂತಿರಲಿಲ್ಲ. ಇಂದು ಹೊಸಪೇಟೆಯಲ್ಲಿ ಕೂತು ಎಲ್ಲಿಗಾದರೂ ಹೋಗಬಹುದಾದದ್ದು ಆ ಬದಲಾವಣೆಯಿಂದ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ.

ಆದರೆ ಕೊಟ್ಟೂರಿನ ಕವಲಿನಲ್ಲಿ ಆದದ್ದೇ ಬೇರೆ. ಅದೇ ದಶಕದಲ್ಲಿ ಹಳೆಯ ಗಾಡಿ ನಿಂತಿತು. ಅಗಲ ಹಳಿ ಬಂತು. ಜನರ ಗಾಡಿ ಮಾತ್ರ ಬರಲಿಲ್ಲ. ಸ್ವಾಮಿಹಳ್ಳಿಯ ಕಡೆಯ ಕವಲಿನಲ್ಲಿ ಅದಿರಿನ ರೈಲುಗಳು ಸಾಲುಗಟ್ಟಿ ಓಡಿದವು. 2000ದ ನಂತರ ಚೀನಾದ ಬೇಡಿಕೆ ಏರಿದಾಗಲಂತೂ, 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕುವವರೆಗೆ, ಹೊಸಪೇಟೆಯ ಸುತ್ತ ಮರದ ಎಲೆಗಳೂ ಕೆಂಪಾಗಿದ್ದವು. ಇತ್ತ ಹಗರಿಬೊಮ್ಮನಹಳ್ಳಿಯ ಸ್ಟೇಷನ್ನಿನಲ್ಲಿ ಹುಲ್ಲು ಬೆಳೆಯಿತು. ಬಂಡಿಯೂ ಇಳಿಯದ ಸಣ್ಣ ದಾರಿಯಲ್ಲಿ ತೊಂಬತ್ತು ವರ್ಷ ಓಡಾಡಿದ ಜನ, ಐದೂವರೆ ಅಡಿಯ ದಾರಿ ಹಾಕಿದ ಮೇಲೆ ಅದರ ಪಕ್ಕದಲ್ಲಿ ನಿಂತು ಬಸ್ಸಿಗೆ ಕೈ ಮಾಡಿದರು. ಆಗ ಹುಟ್ಟಿದ ಮಕ್ಕಳು ತಮ್ಮೂರಿನಲ್ಲಿ ರೈಲು ನಿಂತದ್ದನ್ನು ಕಾಣದೆಯೇ ಕಾಲೇಜು ಮುಗಿಸಿದರು.

ಮನವಿ, ಧರಣಿ, ಭರವಸೆಗಳ ಕಥೆ ಉದ್ದವಾಗಿದೆ, ಬೇಡ. ಕೊಟ್ಟೂರಿನಿಂದ ಮುಂದೆ ಹರಪನಹಳ್ಳಿಯ ಮೇಲೆ ಹರಿಹರದವರೆಗೆ ಹೊಸ ಹಳಿ ಹಾಕಿದ ನಂತರ, 2019ರಲ್ಲಿ ಹೊಸಪೇಟೆ–ಹರಿಹರ ನಡುವೆ ಪ್ರಯಾಣಿಕರ ಗಾಡಿ ಓಡಿತು.

ಅದಾದ ಕೆಲವೇ ತಿಂಗಳಿಗೆ, 2020ರ ಫೆಬ್ರುವರಿಯಲ್ಲಿ, ಎಂಬತ್ತರ ಹತ್ತಿರ ಬಂದಿದ್ದ ಅತ್ತೆ ಫೋನ್ ಮಾಡಿಸಿದರು. ರೈಲಿನಲ್ಲಿ ಕೊಟ್ಟೂರಿಗೆ ಕರೆದುಕೊಂಡು ಹೋಗಬೇಕಂತೆ. ತೇರಿನ ದಿನ ನೂಕುನುಗ್ಗಲು, ಆಗದು ಎಂದೆ. “ತೇರು ಯಾಕ ಬೇಕು ಅಳಿಯಾ, ರೈಲು ಹತ್ತಿದರ ಸಾಕು,” ಎಂದರು.

ಸ್ಟೇಷನ್ನಿಗೆ ಒಂದು ತಾಸು ಮೊದಲೇ ಬಂದು ಕೂತಿದ್ದರು. ಸೀರೆಯ ಸೆರಗಿನಲ್ಲಿ ಚಿಲ್ಲರೆ, ಕೈಯಲ್ಲಿ ಗುರುಬಸವೇಶ್ವರನಿಗೆ ತೆಂಗಿನಕಾಯಿ. ಅವರು ಹಳಿಯನ್ನೇ ನೋಡುತ್ತಿದ್ದರು. ನಾನು ಜೇಬಿನಿಂದ ಟೇಪು ತೆಗೆದು, ತಾತ ಅಂದು ಅಳೆದದ್ದನ್ನು ಹೇಳಿದೆ. “ಈಗೆಷ್ಟು ಗೇಣು?” ಎಂದರು. ಏಳು ಗೇಣಿನ ಮೇಲೆ ನಾಲ್ಕು ಬೆರಳು ಎಂದೆ. “ಅಂದ್ರ ಈಗ ಅಪ್ಪನ ಬಂಡಿ ಇಳೀತಿತ್ತು,” ಎಂದು ನಕ್ಕರು.

ಗಾಡಿ ಬಂತು. ಡಬ್ಬಿ ಎತ್ತರ, ಪ್ಲಾಟ್‌ಫಾರ್ಮು ತಗ್ಗು. ಅತ್ತೆ ಮೊದಲ ಮೆಟ್ಟಿಲಿಗೇ ಕಾಲು ಎಟುಕಿಸಲಾರದೆ ಕಂಬಿ ಹಿಡಿದು ನಿಂತುಬಿಟ್ಟರು. “ಆ ಗಾಡಿ ಸಣ್ಣದಿತ್ತಪ್ಪಾ, ಹತ್ತಾಕ ಸಲೀಸಿತ್ತು,” ಎಂದು ಅವರು ಹೇಳುತ್ತಿರುವಾಗಲೇ ಹಿಂದಿದ್ದ ಇಬ್ಬರು ಕಾಲೇಜು ಹುಡುಗಿಯರು ಪುಸ್ತಕದ ಚೀಲ ನನ್ನ ಕೈಗೆ ಕೊಟ್ಟು, ಅವರ ರಟ್ಟೆಗೆ ಕೈ ಹಾಕಿ ಎತ್ತಿದರು. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಮಾಲವಿ ದಾಟುವವರೆಗೂ ಅತ್ತೆ ಒಂದು ಮಾತೂ ಆಡಲಿಲ್ಲ.